ಸಾಂಗ್‌ಬೊಕನ ಫೋನು ಯಾರದು?

ಸಾಂಗ್‌ಬೊಕ್ ತೀರಿಕೊಂಡ ಮೇಲೆ ಅವನ ಹೆಂಡತಿ ಪಿಲ್ಸುನ್ ಮೊದಲು ಮಾಡಿದ ಕೆಲಸವೆಂದರೆ, ಅವನು ಊರವರಿಂದ ಎರವಲು ತಂದಿಟ್ಟಿದ್ದ ಸಾಮಾನನ್ನೆಲ್ಲ ಹುಡುಕಿ ಹುಡುಕಿ ಹಿಂದಿರುಗಿಸಿದ್ದು.

ಕೊರಿಯಾದ ತೆಂಕಣ ಕಡಲ ತಡಿಯಲ್ಲಿ ಹಾಕ್ಸೊಮ್ ಎಂಬ ಹಳ್ಳಿ. ಅಲ್ಲಿ ಎರವಲು ಎಂದರೆ ನಾಚಿಕೆಯ ವಿಷಯವೇನೂ ಅಲ್ಲ. ಒಬ್ಬರ ಮನೆಯ ಬಲೆಸೂಜಿ ಇನ್ನೊಬ್ಬರ ದೋಣಿಯಲ್ಲಿ, ಅವರ ಮನೆಯ ಉಪ್ಪಿನ ಮರಿಗೆ ಇವರ ಹಿತ್ತಿಲಲ್ಲಿ. ಬದುಕಿರುವಾಗ ಇದೆಲ್ಲ ನಡೆಯುತ್ತದೆ. ಆದರೆ ಪಿಲ್ಸುನಳ ತಾಯಿ ಹೇಳಿಕೊಟ್ಟಿದ್ದ ಕಟ್ಟಳೆ ಒಂದಿತ್ತು: ಹೋದವರು ಇನ್ನೊಬ್ಬರ ವಸ್ತುವನ್ನು ಬೆನ್ನಿಗೆ ಕಟ್ಟಿಕೊಂಡು ಹೋಗಬಾರದು, ದಾರಿ ಭಾರವಾಗುತ್ತದೆ. ನಲವತ್ತೊಂಬತ್ತನೆಯ ದಿನದ ಪೂಜೆಯೊಳಗೆ ಎಲ್ಲವೂ ಅವರವರ ಮನೆ ಸೇರಬೇಕು. ಹಿಂದಿರುಗಿಸುವಾಗ ಬರಿಗೈಯಲ್ಲಿ ಹೋಗಲೂಬಾರದು. ಒಂದು ಬಟ್ಟಲು ಕಿಮ್ಚಿ ಉಪ್ಪಿನಕಾಯಿಯೋ, ಒಂದು ಹಿಡಿ ಒಣಮೀನೋ ಜೊತೆಗಿರಬೇಕು.

ಹಾಗೆ ಅವಳು ಬಲೆಸೂಜಿ ಕೊಟ್ಟಳು, ಕೈಗಾಡಿ ಕೊಟ್ಟಳು. ಏಣಿಯನ್ನು ಹೊತ್ತುಕೊಂಡು ಹೊ ಎಂಬ ಮುದುಕರ ಅಂಗಳಕ್ಕೆ ಹೋದಾಗ ಅವರು ಬಾಯಿಗೆ ಕೈ ಇಟ್ಟುಕೊಂಡರು.

"ಅಯ್ಯೋ, ಇದ್ಯಾಕೆ ಹೊತ್ಕೊಂಡು ಬಂದೆ ತಾಯಿ? ಮೆಟ್ಲು ಮುರಿದೋಯ್ತು ಅಂತ ನಾನೇ ಅವನಿಗೆ ಕೊಟ್ಬಿಟ್ಟಿದ್ದೆ! ಅವನು ಕೂತು ಸರಿಮಾಡ್ಕೊಂಡ. ಅದು ನಿಮ್ದೇ."

"ನಿಮ್ಮನೇದು ಅಂತ ತಿಳ್ಕೊಂಡಿದ್ದೆ."

"ತಿಳ್ಕೊಂಡ್ರೆ ಆಯ್ತಾ? ಕೇಳ್ಬೇಕು. ಹೋಗ್ಲಿ, ಆ ಮೂಲಂಗಿ ಕಿಮ್ಚಿ ಇಟ್ಟು ಹೋಗು, ಏಣಿ ತಗೊಂಡು ಹೋಗು."

ಪಿಲ್ಸುನ್ ಏಣಿಯನ್ನು ಮತ್ತೆ ಹೊತ್ತು ಮನೆಗೆ ಬಂದಳು. ಸಾಂಗ್‌ಬೊಕ್ ಇದ್ದಿದ್ದರೆ ಈ ಕಥೆ ಕೇಳಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಹೇಳುವುದಕ್ಕೆ ಮನೆಯಲ್ಲಿ ಯಾರೂ ಇರಲಿಲ್ಲ. ಮಕ್ಕಳಾಗಿರಲಿಲ್ಲ. ಇಷ್ಟು ವರ್ಷ ಆ ಮನೆಯಲ್ಲಿ ಇದ್ದದ್ದು ಎರಡೇ ದನಿ, ಈಗ ಒಂದು ಉಳಿದಿತ್ತು. ಒಂದೇ ದನಿಗೆ ಮಾತಾಡುವ ಕೆಲಸವಿರುವುದಿಲ್ಲ.

ಎಲ್ಲ ಹಿಂದಿರುಗಿಸಿ ಆದ ಮೇಲೆ ಉಳಿದದ್ದು ಅವನ ಮೊಬೈಲ್ ಫೋನು.

ಹೋದ ವರ್ಷ ಸುಗ್ಗಿಹಬ್ಬದ ಹೊತ್ತಿಗೆ ಪೇಟೆಯ ಫೋನ್ ಅಂಗಡಿಯ ಮೇಲೆ ದೊಡ್ಡ ಬಟ್ಟೆ ಕಟ್ಟಿದ್ದರು, 'ಹೊಸ ಫೋನು ಉಚಿತ' ಎಂದು. ಉಚಿತವೆಂದರೆ ಪೂರಾ ಉಚಿತವೇನಲ್ಲ. ಫೋನಿನ ಬೆಲೆಯಲ್ಲಿ ದೊಡ್ಡ ಪಾಲನ್ನು ಕಂಪನಿ ತಾನು ಹಾಕುತ್ತದೆ, ಉಳಿದ ಚೂರುಪಾರು ತಿಂಗಳ ಬಿಲ್ಲಿನ ಜೊತೆ ಕಟ್ಟುತ್ತ ಹೋಗಬೇಕು. ಅದಕ್ಕೆ ಬದಲಾಗಿ ಎರಡು ವರ್ಷ ಬೇರೆ ಕಂಪನಿಯ ಕಡೆಗೆ ಹೋಗುವುದಿಲ್ಲ ಎಂದು ಒಪ್ಪಂದ ಬರೆದುಕೊಡಬೇಕು. ಸಾಂಗ್‌ಬೊಕ್ ಬರೆದುಕೊಟ್ಟು ಬಂದ. ಎರಡು ವರ್ಷ ಇರುತ್ತೇನೆಂದು ಬರೆದವನು ಅರ್ಧ ದಾರಿಯಲ್ಲಿ, ದೋಣಿ ಕಟ್ಟುವ ಧಕ್ಕೆಯ ಮೇಲೆ ಹಗ್ಗ ಸುತ್ತುತ್ತಿರುವಾಗಲೇ, ಎದೆ ಹಿಡಿದುಕೊಂಡು ಕೂತ. ಏಳಲಿಲ್ಲ.

ದೋಣಿಯ ಎಂಜಿನ್ನಿನ ಪಕ್ಕದಲ್ಲೇ ಆಯುಷ್ಯ ಕಳೆದವನಿಗೆ ಕಿವಿ ಮಂದವಾಗಿತ್ತು. ಫೋನಿನಲ್ಲಿ ಹೆಂಡತಿ ಹೇಳಿದ್ದು ಒಂದು, ಇವನು ಅಂಗಡಿಯಿಂದ ತರುತ್ತಿದ್ದದ್ದು ಇನ್ನೊಂದು. ತೋಫು ತಾ ಎಂದರೆ ಬದನೆಕಾಯಿ ತರುತ್ತಿದ್ದ. ಬೈಗುಳ ತಿಂದು ಸಾಕಾಗಿ, ಮಾತಾಡಿದ್ದೆಲ್ಲ ಫೋನು ತಾನೇ ಉಳಿಸಿಕೊಳ್ಳುವ ಹಾಗೆ ಯಾರ ಕೈಯಲ್ಲೋ ಮಾಡಿಸಿಕೊಂಡಿದ್ದ. ಅಂಗಡಿಯ ಮುಂದೆ ನಿಂತು ಫೋನನ್ನು ಕಿವಿಗೆ ಒತ್ತಿ ಹೆಂಡತಿಯ ಮಾತನ್ನು ಇನ್ನೊಮ್ಮೆ ಕೇಳಿಕೊಂಡು ತೋಫುವನ್ನೇ ತರುತ್ತಿದ್ದ.

ಆ ಮಾತುಗಳೆಲ್ಲ ಅದರೊಳಗೇ ಇದ್ದವು. ದೊಡ್ಡ ಮಾತುಗಳೇನಲ್ಲ. ಮೂಲಂಗಿ ಎಷ್ಟು ತರಲಿ, ಸೀಮೆಎಣ್ಣೆ ಮುಗಿದಿದೆ, ಅನ್ನಕ್ಕಿಟ್ಟೆಯಾ, ಇವತ್ತು ಗಾಳಿ ಜಾಸ್ತಿ ಬೇಗ ಬರುತ್ತೇನೆ. ಪ್ರತಿ ಮಾತಿನ ನಡುವೆ ಅವನ ದನಿ: "ಆಂ? ಏನಂದೆ? ಇನ್ನೊಂದ್ಸಲ ಹೇಳೇ."

ಅವನು ಹೋದಂದಿನಿಂದ ದಿನಾ ಮುಸ್ಸಂಜೆಗೆ ಅನ್ನ ಬಡಿಸಿಕೊಂಡು, ಫೋನನ್ನು ಅವನ ಬಟ್ಟಲಿಡುತ್ತಿದ್ದ ಜಾಗದಲ್ಲಿಟ್ಟು, ಅದರಲ್ಲಿ ಒಂದೇ ಒಂದು ಮಾತುಕತೆ ಕೇಳುತ್ತಿದ್ದಳು ಪಿಲ್ಸುನ್. ಒಂದಕ್ಕಿಂತ ಹೆಚ್ಚು ಕೇಳುತ್ತಿರಲಿಲ್ಲ. ಬೇಗ ಮುಗಿದುಹೋದರೆ ಎಂಬ ಭಯ.

ಆದರೆ ಬಿಲ್ಲು ಬರುವುದು ನಿಲ್ಲಲಿಲ್ಲ. ಇಲ್ಲದವನ ಹೆಸರಿಗೆ ಫೋನಿನ ಬಿಲ್ಲು. ಸಂಪರ್ಕವನ್ನು ಮುಚ್ಚಿಸಲೇಬೇಕಿತ್ತು. ಪೂಜೆಯ ದಿನವೂ ಹತ್ತಿರ ಬಂತು. ಪಿಲ್ಸುನ್ ಯೋಚಿಸಿದಳು: ಫೋನು ಕೊಟ್ಟದ್ದು ಅವರು. ಇರುತ್ತೇನೆ ಎಂದ ಮಾತಿನ ಮೇಲೆ ಕೊಟ್ಟದ್ದು. ಮಾತು ನಡೆಯಲಿಲ್ಲ. ಅಂದಮೇಲೆ ಇದೂ ಎರವಲೇ. ಇದನ್ನು ಇಟ್ಟುಕೊಂಡರೆ ಆತನ ದಾರಿ ಭಾರ.

ಯಾರನ್ನೂ ಕೇಳಲಿಲ್ಲ. ಫೋನನ್ನು ಒರೆಸಿ, ಕಸೂತಿ ಹಾಕಿದ ಬಟ್ಟೆಯಲ್ಲಿ ಗಂಟು ಕಟ್ಟಿದಳು. ಬರಿಗೈಯಲ್ಲಿ ಹೋಗಬಾರದಲ್ಲ, ಒಂದು ಜಾಡಿ ತುಂಬ ಉಪ್ಪುಸಿಂಪಿ, ಅಂದರೆ ಖಾರ ಬೆರೆಸಿ ಉಪ್ಪಿನಲ್ಲಿ ಊರಿಸಿದ ಸಿಂಪಿಯ ಮಾಂಸ, ಜೊತೆಗಿಟ್ಟುಕೊಂಡು ಬಸ್ಸು ಹತ್ತಿದಳು.

ಅಂಗಡಿಯ ಮ್ಯಾನೇಜರ್ ನಾಮ್ ಎಂಬಾತ ಬೆಳ್ಳಗಿನ ಅಂಗಿ ತೊಟ್ಟವನು, ಮಾತು ಬೆಣ್ಣೆ. ಗಂಟು ಬಿಚ್ಚಿದ್ದು ನೋಡಿ ಎದ್ದು ನಿಂತ.

"ಇದು ನಿಮ್ಮದು," ಅಂದಳು ಪಿಲ್ಸುನ್. "ನಮ್ಮನೆಯವರು ಮಾತು ಉಳಿಸ್ಕೊಳ್ಳೋಕಾಗ್ಲಿಲ್ಲ. ತಪ್ಪು ತಿಳ್ಕೋಬೇಡಿ."

"ಅಯ್ಯೋ ಅಮ್ಮ, ಹಾಗೆಲ್ಲ ಅನ್ಬೇಡಿ. ಒಪ್ಪಂದ ಮಧ್ಯದಲ್ಲಿ ನಿಂತೋಯ್ತಲ್ಲ, ಆಯ್ತು, ಫೋನ್ ಇಲ್ಲೇ ಬಿಟ್ಟು ಹೋಗಿ. ನಾವು ನೋಡ್ಕೋತೀವಿ."

"ಅದ್ರೊಳಗೆ ಮಾತೆಲ್ಲ ಇದೆ..."

"ಅದಕ್ಕೆ ಯೋಚ್ನೆ ಮಾಡ್ಲೇಬೇಡಿ ಅಮ್ಮ! ಪೂರ್ತಿ ಅಳಿಸಿಬಿಡ್ತೀವಿ. ಒಂದು ಅಕ್ಷರನೂ ಉಳಿಯಲ್ಲ."

ಅವನು ಸಮಾಧಾನಕ್ಕೆಂದೇ ಹೇಳಿದ. ಪಿಲ್ಸುನ್ ತಲೆಬಾಗಿ ನಮಸ್ಕಾರ ಮಾಡಿ ಹೊರಗೆ ಬಂದಳು. ಬಸ್ಸಿನಲ್ಲಿ ಕೂತಾಗ ತೊಡೆಯ ಮೇಲೆ ಖಾಲಿ ಬಟ್ಟೆ ಇತ್ತು, ಅದನ್ನೇ ಮಡಚಿದಳು, ಬಿಚ್ಚಿದಳು, ಮತ್ತೆ ಮಡಚಿದಳು.

ಆ ಸಂಜೆ ಅನ್ನದ ಮುಂದೆ ಕೂತಾಗ ಸೋಯಾ ಸಾರು ಕುದಿಯುವ ಸದ್ದು ಮನೆಯನ್ನೆಲ್ಲ ತುಂಬಿತು. ಒಲೆ ಆರಿಸಿದಳು. ಆಮೇಲೆ ಅದೂ ಇಲ್ಲ.

ಮಾರನೆಯ ಬೆಳಗ್ಗೆ ಶೆಡ್ಡಿನಲ್ಲಿ ಸಿಂಪಿ ಬಿಡಿಸುವ ಕೆಲಸ. ಚಳಿಗಾಲವಿಡೀ ಊರ ಹೆಂಗಸರು ರಬ್ಬರು ಏಪ್ರನ್ ಕಟ್ಟಿಕೊಂಡು, ಗುಡ್ಡೆ ಹಾಕಿದ ಸಿಂಪಿಯ ಮುಂದೆ ಸಾಲಾಗಿ ನಿಂತು, ಗಿಡ್ಡ ಚಾಕುವಿನಿಂದ ಒಂದೊಂದನ್ನೇ ಬಾಯಿ ಬಿಡಿಸುತ್ತಾರೆ. ಚಿಪ್ಪುಗಳ ಸದ್ದಿಗಿಂತ ಅವರ ಮಾತಿನ ಸದ್ದೇ ಜೋರು. ಪಿಲ್ಸುನಳ ಪಕ್ಕದ ಜಾಗ ಜೊಂಗ್ರೆಯದು. ಪಿಲ್ಸುನಳಿಗಿಂತ ಚಿಕ್ಕವಳು, ಊರ ಮಹಿಳಾ ಸಂಘವನ್ನು ನಡೆಸುವವಳು, ಸುಮ್ಮನಿರಲು ಬಾರದವಳು.

"ಅಕ್ಕ, ಕೈಯಲ್ಲಿ ಚಾಕು ಇದೆ, ನಿನ್ನ ಕಣ್ಣು ಇನ್ನೆಲ್ಲೋ ಇದೆ. ಬೆರಳು ಬೇಕೋ ಬೇಡ್ವೋ?"

ಪಿಲ್ಸುನ್ ಫೋನು ಕೊಟ್ಟು ಬಂದದ್ದನ್ನು ಹೇಳಿದಳು. ಜೊಂಗ್ರೆಯ ಚಾಕು ಅಲ್ಲಿಗೇ ನಿಂತಿತು.

"ಕೊಟ್ಟು ಬಂದ್ಯಾ?"

"ಹೂಂ."

"ಜೊತೆಗೆ ಉಪ್ಪುಸಿಂಪಿ ಬೇರೆ?"

"ಬರಿಗೈಯಲ್ಲಿ ಹೇಗೆ ಹೋಗ್ಲಿ?"

"ಅಯ್ಯೋ ನಮ್ಮಮ್ಮಾ! ಕಳ್ಳ ಮನೆಗೆ ಬಂದ್ರೂ ನೀನು ಊಟಕ್ಕೆ ಹಾಕಿ ಕಳಿಸೋಳೇ! ಅಕ್ಕ, ಆ ಫೋನು ನಿಮ್ದು."

"ನಮ್ದು ಹೇಗಾಗತ್ತೆ? ಅವರು ಬಿಟ್ಟಿ ಕೊಟ್ಟದ್ದು. ಎರಡು ವರ್ಷ ಇರ್ತೀನಿ ಅಂದಿದ್ರು ಇವ್ರು. ಇರ್ಲಿಲ್ಲ."

ಜೊಂಗ್ರೆ ತನ್ನ ಚಾಕುವನ್ನು ಎತ್ತಿ ಹಿಡಿದಳು. "ಇದು ಯಾರ್ದು?"

"ನಿಂದು."

"ಹೇಗೆ ನಂದು? ಹಂಗಾಮು ಶುರುವಾದಾಗ ಶೆಡ್ಡಿನ ಮಾಲೀಕ ಅರ್ಧ ಬೆಲೆಗೆ ಕೊಡಿಸ್ದ. ಹಂಗಾಮು ಮುಗಿಯೋವರ್ಗೂ ಇಲ್ಲೇ ಕೆಲಸ ಮಾಡ್ಬೇಕು ಅಂದ. ಹೂಂ ಅಂದೆ. ನಾಳೆ ನಾನು ಪಕ್ಕದೂರಿನ ಶೆಡ್ಡಿಗೆ ಹೋದ್ರೆ ಅವನೇನು ಕೇಳಬಹುದು?"

ಪಿಲ್ಸುನ್ ಸ್ವಲ್ಪ ಯೋಚಿಸಿದಳು. "ಬಿಟ್ಟುಕೊಟ್ಟ ಅರ್ಧ ಬೆಲೆ ಕೇಳಬಹುದು."

"ಚಾಕು ಕಿತ್ಕೊಬಹುದಾ?"

"ಅದು ಹೇಗಾಗತ್ತೆ? ಚಾಕು ನೀನು ಕೊಂಡದ್ದು."

"ಅಷ್ಟೇ ಅಕ್ಕ! ಫೋನೂ ಹಾಗೇನೇ. ಕಂಪನಿ ಕೊಟ್ಟದ್ದು ಫೋನಲ್ಲ, ಬೆಲೆಯಲ್ಲಿ ರಿಯಾಯಿತಿ. ಕೊಂಡವರು ಭಾವ. ಮಧ್ಯದಲ್ಲಿ ಬಿಟ್ರೆ ರಿಯಾಯಿತಿಯಲ್ಲಿ ಒಂದಷ್ಟನ್ನ ವಾಪಸ್ ಕೇಳಬಹುದು, ಕಂತು ಬಾಕಿ ಇದ್ರೆ ಕಟ್ಬೇಕು. ಫೋನು ನಮ್ದೇ. ಹೋದ ವರ್ಷ ನಾನು ಕಂಪನಿ ಬದಲಾಯಿಸಿದ್ನಲ್ಲ, ಕಡಲಲ್ಲಿ ಸಿಂಪಿ ಬೆಳೆಸೋ ತೆಪ್ಪದ ಹತ್ರ ಸಿಗ್ನಲ್ಲೇ ಬರಲ್ಲ ಅಂತ? ಆಗ ನಂಗೂ ಇದೇ ಅನುಮಾನ. ಸರ್ಕಾರದ ಗ್ರಾಹಕರ ಸಹಾಯವಾಣಿಗೆ ಫೋನ್ ಮಾಡಿ ಕೇಳ್ದೆ. ಬಿಡಿಸಿ ಹೇಳಿದ್ರು."

"ನೀನು ಬದುಕಿದ್ದೀಯ, ಜಗಳ ಆಡ್ತೀಯ. ಇವ್ರು ಹೋದವರು. ಅವರ ಮೇಲೆ ಋಣ ಉಳೀಬಾರ್ದು, ಜೊಂಗ್ರೆ."

"ಋಣ ಇದ್ರೆ ಅದು ದುಡ್ಡಿಂದು. ಎಷ್ಟು ಅಂತ ಕೇಳೋಣ, ತೀರಿಸೋಣ. ಅದಕ್ಕೆ ಭಾವನ ದನಿ ಯಾಕೆ ಅಡವಿಡ್ಬೇಕು?"

ಪಿಲ್ಸುನ್ ಬಗ್ಗಿ ಒಂದು ಸಿಂಪಿ ಎತ್ತಿಕೊಂಡಳು. ಚಾಕು ಇಡಬೇಕಾದ ಜಾಗ ಕಾಣಲಿಲ್ಲ, ಕಣ್ಣು ತುಂಬಿತ್ತು.

"ಅಳಿಸಿಬಿಡ್ತೀವಿ ಅಂದ್ರು," ಅಂದಳು.

ಜೊಂಗ್ರೆ ಏಪ್ರನ್ ಬಿಚ್ಚಿ ಮೊಳೆಗೆ ಎಸೆದಳು. "ನಡಿ ಅಕ್ಕ. ಈಗ್ಲೇ. ಕೈ ತೊಳ್ಕೋ, ಇಲ್ದಿದ್ರೆ ಬಸ್ಸಿಂದ ಇಳಿಸಿಬಿಡ್ತಾರೆ."

ಬಸ್ಸು ನಿಲ್ಲುವಲ್ಲಿ ಗುಡ್ಡದ ಮೇಲಿನ ಆಶ್ರಮದ ಭಿಕ್ಷುಣಿ ನಿಂತಿದ್ದರು, ಪೂಜೆಯ ಮೇಣದಬತ್ತಿ ತರಲು ಪೇಟೆಗೆ ಹೊರಟವರು. ಸಾಂಗ್‌ಬೊಕನಿಗಾಗಿ ವಾರವಾರ ಸೂತ್ರ ಪಠಿಸುತ್ತಿದ್ದವರು ಅವರೇ. ಪಿಲ್ಸುನ್ ಕೈಮುಗಿದು, ಮನಸ್ಸಿನಲ್ಲಿ ಕೊರೆಯುತ್ತಿದ್ದದ್ದನ್ನು ಕೇಳಿಯೇಬಿಟ್ಟಳು.

"ಅಮ್ಮ, ಎಲ್ಲ ಬಿಡ್ಬೇಕು ಅಂತೀರಿ. ನಾನು ಬಿಟ್ಟು ಬಂದದ್ದನ್ನ ಮತ್ತೆ ಕೇಳೋಕೆ ಹೊರಟಿದ್ದೀನಿ. ಇದು ಆಸೆ ಅಲ್ವಾ?"

ಭಿಕ್ಷುಣಿ ಇಡೀ ಕಥೆ ಕೇಳಿದರು. ಅವರ ಮುಖದಲ್ಲಿ ಸಣ್ಣ ನಗೆ ಮೂಡಿತು.

"ಹೋದ ಮಳೆಗಾಲ ನಾನು ಬಸ್ಸಲ್ಲಿ ಕೊಡೆ ಮರೆತು ಇಳಿದೆ ಕಣಮ್ಮ. ಆಶ್ರಮಕ್ಕೆ ಹೋಗಿ, ಕೊಡೆ ದಾನ ಮಾಡ್ದೆ ಅಂತ ಹೇಳ್ಕೊಂಡ್ರೆ ಹೇಗಿರತ್ತೆ? ನಿಂದು ಅಂತ ತಿಳ್ಕೊಂಡು, ಕೈಯಲ್ಲಿ ಹಿಡ್ಕೊಂಡು, ಆಮೇಲೆ ಬಿಟ್ರೆ ಅದು ಬಿಟ್ಟ ಹಾಗೆ. ಹೋಗಿ ತಗೊಂಡು ಬಾ. ಬಿಡೋ ದಿನ ಬಂದಾಗ ನಿಂಗೇ ಗೊತ್ತಾಗತ್ತೆ."

"ನೋಡ್ದ್ಯಾ?" ಅಂದಳು ಜೊಂಗ್ರೆ. "ಬುದ್ಧನೂ ನಮ್ಮ ಕಡೆ."

"ನೀನು ಸ್ವಲ್ಪ ಬಾಯಿ ಮುಚ್ಕೊಂಡಿದ್ರೆ ಬುದ್ಧನಿಗೆ ಇನ್ನೂ ಸಂತೋಷ," ಅಂದರು ಭಿಕ್ಷುಣಿ.

ಅಂಗಡಿಯ ಬಾಗಿಲು ತಳ್ಳಿದಾಗ ನಾಮ್ ಮೇಜಿನ ಹಿಂದೆ ಕೂತು ಬಿಸಿ ಅನ್ನ ಊಟ ಮಾಡುತ್ತಿದ್ದ. ಪಕ್ಕದಲ್ಲಿ ಪಿಲ್ಸುನಳ ಜಾಡಿ, ಅರ್ಧ ಖಾಲಿ.

"ರುಚಿ ಹೇಗಿದೆ ಮ್ಯಾನೇಜರೇ?" ಜೊಂಗ್ರೆ ಕೇಳಿದಳು.

ಅವನು ತಬ್ಬಿಬ್ಬಾಗಿ ಬಾಯಿ ಒರೆಸಿಕೊಂಡ. "ಬಹಳ... ಬಹಳ ಚೆನ್ನಾಗಿದೆ. ಏನಾಗ್ಬೇಕಿತ್ತು?"

"ನಮ್ಮಕ್ಕನ ಫೋನ್ ಬೇಕಿತ್ತು."

"ಅದು... ಒಪ್ಪಂದ ನಿಂತೋಗಿದೆ. ನಿನ್ನೆ ಅಮ್ಮ ಅವರೇ ಕೊಟ್ಟು ಹೋದ್ರು."

"ಅವರು ಕೊಟ್ರು, ಸರಿ. ನಿಮ್ದೇನಾ ಅಂತ ನೀವು ನೋಡಿದ್ರಾ? ಇದು ಬಾಡಿಗೆಗೆ ಕೊಟ್ಟ ಫೋನಾ, ಮಾರಿದ ಫೋನಾ?"

ನಾಮ್ ಚಮಚ ಕೆಳಗಿಟ್ಟ. "ಎಲ್ರೂ ತಂದು ಕೊಡ್ತಾರೆ. ನಾವು ತಗೋತೀವಿ. ಹಳೇ ಫೋನ್ ಒಯ್ಯೋಕೆ ಗಾಡಿ ಬರತ್ತೆ..."

"ನಿಮ್ಮ ಕಂಪನಿಯನ್ನೇ ಕೇಳೋಣ." ಜೊಂಗ್ರೆ ತನ್ನ ಫೋನಿನಿಂದ ಕಂಪನಿಯ ಗ್ರಾಹಕ ಸೇವೆಗೆ ಕರೆ ಮಾಡಿ, ಎಲ್ಲರಿಗೂ ಕೇಳಿಸುವ ಹಾಗೆ ಮೇಜಿನ ಮೇಲಿಟ್ಟಳು. ಕಾಯಿಸುವ ಹಾಡು ಮುಗಿಯಲಿಲ್ಲ, ಮುಗಿಯಲಿಲ್ಲ, ಕಡೆಗೊಬ್ಬ ಹುಡುಗಿಯ ದನಿ ಬಂತು. ಪಿಲ್ಸುನ್ ಗಂಡನ ಹೆಸರು, ಹುಟ್ಟಿದ ದಿನ ಹೇಳಿದಳು. 'ತೀರಿಕೊಂಡರು' ಅನ್ನುವಾಗ ದನಿ ಇಳಿಯಿತು. ಆ ಕಡೆ ಹುಡುಗಿ ಕಂಪ್ಯೂಟರಿನ ಕೀಲಿ ಒತ್ತುವ ಸದ್ದು ಕೇಳಿಸಿತು.

"ದುಃಖದ ಸಂಗತಿ ಅಮ್ಮ. ಈ ಫೋನನ್ನ ಗ್ರಾಹಕರಿಗೆ ಮಾರಿದ್ದೀವಿ, ಬಾಡಿಗೆಗೆ ಕೊಟ್ಟದ್ದಲ್ಲ. ಹಾಗಾಗಿ ಫೋನು ಅವರದ್ದೇ, ಅವರ ನಂತರ ನಿಮ್ಮದು. ನೀವು ಹಿಂದಿರುಗಿಸೋ ಅಗತ್ಯ ಇಲ್ಲ."

"ರಿಯಾಯಿತಿ ದುಡ್ಡು?" ಪಿಲ್ಸುನ್ ಕೇಳಿದಳು. ಅವಳಿಗೆ ಅದೇ ಚಿಂತೆ.

"ಬೇರೆ ಕಾರಣಕ್ಕೆ ಬಿಟ್ಟಿದ್ರೆ ಅದರಲ್ಲಿ ಒಂದು ಭಾಗ ಕಟ್ಟಬೇಕಾಗಿತ್ತು. ಸಾವಿನಿಂದ ನಿಂತ ಒಪ್ಪಂದಕ್ಕೆ ನಾವು ಅದನ್ನ ತಗೊಳ್ಳಲ್ಲ. ಮರಣ ಪ್ರಮಾಣಪತ್ರ ಕೊಟ್ರೆ ಸಾಕು. ಫೋನಿನ ಕಂತು ಮಾತ್ರ ಸ್ವಲ್ಪ ಬಾಕಿ ಇದೆ, ಮೊದಲಿನ ಹಾಗೇ ತಿಂಗಳು ತಿಂಗಳು ಕಟ್ಟಬಹುದು."

"ಕಟ್ತೀನಿ," ಅಂದಳು ಪಿಲ್ಸುನ್. ಆ ಒಂದು ಮಾತು ಹೇಳುವಾಗ ಅವಳ ಬೆನ್ನು ನೆಟ್ಟಗಾಯಿತು.

"ಇಷ್ಟನ್ನೂ ಮೆಸೇಜ್ ಮಾಡಿ ಕಳಿಸಿ ತಂಗಿ," ಅಂದಳು ಜೊಂಗ್ರೆ. "ನಾಳೆ ಇನ್ಯಾರೋ ಬಂದು ಬೇರೆ ಏನಾದ್ರೂ ಅನ್ನಬಾರ್ದು ನೋಡು."

ನಾಮ್ ಮೇಜಿನ ಕೆಳಗೆ ಬಗ್ಗಿದ. ಒಂದು ರಟ್ಟಿನ ಪೆಟ್ಟಿಗೆ ಎಳೆದ. ಅದರ ತುಂಬ ಹಳೆಯ ಫೋನುಗಳು, ಒಂದರ ಮೇಲೊಂದು, ಕಪ್ಪು ಮುಖ ಮಾಡಿಕೊಂಡು ಬಿದ್ದಿದ್ದವು. ಯಾರ ಯಾರ ಮಾತೋ. ಪಿಲ್ಸುನ್ ನೋಡಲಾರದೆ ನೋಡಿದಳು. ಅಂಚಿನಲ್ಲಿ ಸವೆದು ಬಣ್ಣ ಹೋಗಿದ್ದ ನೀಲಿ ಕವಚ ಕಂಡಿತು. ದೋಣಿಯ ಹಗ್ಗ ಉಜ್ಜಿ ಆದ ಗೆರೆಯೂ ಕಂಡಿತು.

"ಅಳಿಸಿದ್ದೀರಾ?" ಅಂದಳು ಪಿಲ್ಸುನ್, ಮೆಲ್ಲಗೆ. ಜೊಂಗ್ರೆ ಅದನ್ನೇ ಮತ್ತೊಮ್ಮೆ ಜೋರಾಗಿ ಕೇಳಿದಳು.

"ಇಲ್ಲ, ಇನ್ನೂ ಇಲ್ಲ. ಗಾಡಿ ಬರೋ ಮುಂಚೆ ಎಲ್ಲ ಒಟ್ಟಿಗೆ ಮಾಡೋದು. ಗಾಡಿ ನಾಳೆ ಬರತ್ತೆ."

ಪಿಲ್ಸುನ್ ಪೆಟ್ಟಿಗೆಗೆ ಕೈ ಹಾಕಿ ನೀಲಿ ಕವಚದ ಫೋನನ್ನು ಎತ್ತಿ ಮಡಿಲಲ್ಲಿಟ್ಟುಕೊಂಡಳು.

ನಾಮ್ ಕೆಟ್ಟವನಾಗಿರಲಿಲ್ಲ. ಕೇಳದೆ ಕೊಡುವವರು ದಿನಾ ಬಂದರೆ, ನೋಡದೆ ತೆಗೆದುಕೊಳ್ಳುವುದು ಯಾರಿಗಾದರೂ ರೂಢಿಯಾಗುತ್ತದೆ. ಅವನು ಕೆಂಪಾದ ಮುಖದಲ್ಲಿ ಒಳಗೆ ಹೋಗಿ, ಉಳಿದ ಉಪ್ಪುಸಿಂಪಿಯನ್ನು ಬೇರೆ ಬಟ್ಟಲಿಗೆ ಸುರಿದು, ಜಾಡಿ ತೊಳೆದು ತಂದ. ಜಾಡಿಯೊಳಗೆ ಹೊಸದೊಂದು ಚಾರ್ಜರು.

"ಖಾಲಿ ಪಾತ್ರೆ ವಾಪಸ್ ಕೊಡಬಾರ್ದು ಅಂತ ನಮ್ಮಮ್ಮನೂ ಹೇಳ್ತಾರೆ," ಅಂದ. "ನಮ್ಮಂಗಡೀಲಿ ತಿನ್ನೋದೇನೂ ಇಲ್ಲ. ಕ್ಷಮಿಸಿ ಅಮ್ಮ."

"ಆ ಪೆಟ್ಟಿಗೆಯಲ್ಲಿರೋ ಫೋನಿನವರ ಮನೆಗೂ ಒಂದೊಂದು ಫೋನ್ ಮಾಡಿ ಕೇಳಿಬಿಡಪ್ಪ," ಅಂದಳು ಪಿಲ್ಸುನ್. "ಗಾಡಿ ಬರೋ ಮುಂಚೆ."

ಅವನು ತಲೆಯಾಡಿಸಿದ. ಅವರು ಬಾಗಿಲು ದಾಟುವಾಗ ಪೆಟ್ಟಿಗೆಯನ್ನು ಮೇಜಿನ ಮೇಲಕ್ಕೆತ್ತಿ ಇಡುತ್ತಿದ್ದ.

ಹೊತ್ತು ಮುಳುಗುವಾಗ ಪಿಲ್ಸುನ್ ಮನೆ ಸೇರಿದಳು. ಜೊಂಗ್ರೆ ಊಟಕ್ಕೆ ಕರೆದಳು, ಹೋಗಲಿಲ್ಲ. ಸಿಂಪಿಯ ವಾಸನೆ ಹೊಡೆಯುತ್ತಿದ್ದ ಚಾರ್ಜರು ಸಿಕ್ಕಿಸಿ, ಅನ್ನಕ್ಕಿಟ್ಟಳು. ಬಡಿಸಿಕೊಂಡಳು. ಫೋನನ್ನು ಅವನ ಬಟ್ಟಲಿನ ಜಾಗದಲ್ಲಿಟ್ಟು ಬೆರಳು ಒತ್ತಿದಳು. ಗಾಳಿಯ ಸದ್ದು, ಎಂಜಿನ್ನಿನ ಸದ್ದು. ಅವಳದೇ ದನಿ, ದೂರದ್ದು, ಸಿಡುಕಿನದ್ದು: "ರೀ, ತೋಫು ತನ್ನಿ, ಮೆತ್ತಗಿರೋದು, ಕೇಳಿಸ್ತಾ?"

"ಆಂ? ಏನಂದೆ? ಇನ್ನೊಂದ್ಸಲ ಹೇಳೇ."

ಯಾವಾಗಲೂ ಮುಂದಕ್ಕೆ ಓಡಲು ಬಿಡುತ್ತಿದ್ದಳು. ಇವತ್ತು ಅಲ್ಲಿಗೇ ನಿಲ್ಲಿಸಿದಳು. ಕಿವಿ ಮಂದವಾದವರೊಡನೆ ಮಾತಾಡುವ ಹಾಗೆ ಬಗ್ಗಿ, ದನಿ ಎತ್ತರಿಸಿ ಹೇಳಿದಳು:

"ಫೋನು ನಮ್ದೇ ಅಂತೆ ರೀ! ನಮ್ದೇ!"

ಕಿಟಕಿಯಾಚೆ ಕಡಲು ಒಂದೇ ಸಮನೆ ಉಸಿರಾಡುತ್ತಿತ್ತು. ಅವಳು ಚಮಚ ಎತ್ತಿಕೊಂಡು ಊಟ ಮಾಡಿದಳು. ಬಟ್ಟಲಿನಲ್ಲಿ ಅಗುಳು ಉಳಿಸಲಿಲ್ಲ.

ಪೂಜೆಯ ದಿನ, ಅಲ್ಲಿಯ ವಾಡಿಕೆಯಂತೆ, ಅವನ ಬಟ್ಟೆಯನ್ನು ಬೆಂಕಿಗಿಟ್ಟರು. ಫೋನು ಪಿಲ್ಸುನಳ ಮಡಿಲಲ್ಲೇ ಇತ್ತು. ಭಿಕ್ಷುಣಿ ಅದನ್ನು ನೋಡಿ, ಸೂತ್ರ ಪಠಿಸುತ್ತ ಹೋದರು.

ಓದುತ್ತಿರುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮ ಮನೆಯಲ್ಲೂ ಉಚಿತವೆಂದೋ ಕಡಿಮೆ ಬೆಲೆಯೆಂದೋ ಒಪ್ಪಂದದ ಮೇಲೆ ತಂದ ಫೋನು ಇರಬಹುದು. ಊರು ಬದಲಾಗಿಯೋ, ಸಿಗ್ನಲ್ಲು ಸಿಗದೆಯೋ, ಮನೆಯವರು ಇಲ್ಲವಾಗಿಯೋ ಆ ಒಪ್ಪಂದ ನಡುವೆ ನಿಲ್ಲಬಹುದು. ಆಗ ಹೆದರಿ ಫೋನು ಕೊಟ್ಟು ಬರಬೇಡಿ. ಮೊದಲು ಕಂಪನಿಯನ್ನೇ ಕೇಳಿ: ಇದನ್ನು ನಮಗೆ ಮಾರಿದ್ದೀರೋ, ಬಾಡಿಗೆಗೆ ಕೊಟ್ಟಿದ್ದೀರೋ? ಬಾಡಿಗೆಯದಾದರೆ ಮರಳಿ ಕೊಡಬೇಕು, ಅದಕ್ಕೂ ಮುಂಚೆ ಒಳಗಿರುವ ಮಾತು, ಚಿತ್ರಗಳನ್ನು ನಿಮ್ಮ ಬಳಿ ಉಳಿಸಿಕೊಳ್ಳಿ. ಮಾರಿದ್ದಾದರೆ ಒಂದಷ್ಟು ಬಾಕಿ ಕಟ್ಟಬೇಕಾಗಬಹುದು, ಆದರೆ ಫೋನು ನಿಮ್ಮದು. ಅವರು ಹೇಳಿದ್ದನ್ನು ಬರಹದಲ್ಲಿ ಪಡೆಯಿರಿ. ಅನುಮಾನ ಉಳಿದರೆ ಗ್ರಾಹಕರ ಸಹಾಯವಾಣಿಗೆ ಕರೆ ಮಾಡಿ, ಅಥವಾ ನಿಮ್ಮ ಸಂಘದಲ್ಲಿ ಸುಮ್ಮನಿರಲು ಬಾರದ ಜೊಂಗ್ರೆಯಂಥವಳು ಒಬ್ಬಳು ಇದ್ದೇ ಇರುತ್ತಾಳೆ, ಅವಳನ್ನು ಜೊತೆಗೆ ಕರೆದುಕೊಂಡು ಹೋಗಿ.

ನಿಮ್ಮ ಪಕ್ಕದ ಮನೆಯಲ್ಲಿ ಒಬ್ಬರೇ ಇರುವವರು ಯಾರಾದರೂ ಇದ್ದರೆ, ಇವತ್ತೇ ಹೋಗಿ ಅವರಿಗೆ ಈ ಕಥೆ ಓದಿ ಹೇಳಿ. ಕಿವಿ ಮಂದವಾಗಿದ್ದರೆ, ಬೇಸರಪಡದೆ ಇನ್ನೊಂದು ಸಲ ಹೇಳಿ.